ಚಿಕ್ಕಮಾರಯ್ಯನ ಎಡಗೆನ್ನೆ

ಯಶವಂತಪುರದ ಸ್ಟೌ ಕಾರ್ಖಾನೆಯಲ್ಲಿ ದುಡಿದವರು ಮಾಲೀಕರ ಹೆಸರನ್ನು ಮರೆತಿರಬಹುದು, ತಮ್ಮ ಟೋಕನ್ ನಂಬರನ್ನೂ ಮರೆತಿರಬಹುದು. ಕೋಗಿಲು ಊರಿನ ಚಿಕ್ಕಮಾರಯ್ಯನ ಎಡಗೆನ್ನೆಯನ್ನು ಮಾತ್ರ ಮರೆತಿರಲಾರರು. ಲೋಕದಲ್ಲಿ ಕೆನ್ನೆಗಳಿಗೇನು ಬರವೇ? ಮುತ್ತಿಡಿಸಿಕೊಳ್ಳುವುದಕ್ಕೆ, ಏಟು ತಿನ್ನುವುದಕ್ಕೆ, ಹಲ್ಲುನೋವು ಬಂದರೆ ಊದಿಕೊಳ್ಳುವುದಕ್ಕೆ ಬೇಕಾದಷ್ಟಿವೆ. ಚಿಕ್ಕಮಾರಯ್ಯನದು ಆ ಕುಲಕ್ಕೆ ಸೇರಿದ್ದಲ್ಲ. ಅದು ಉಗ್ರಾಣ. ಬೆಳಗ್ಗೆ ಯಲಹಂಕ ಸ್ಟೇಷನ್ನಿನಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಕೂಡಿಸಿ ಒಂದು ಉಂಡೆಯನ್ನು ಒಳಗೆ ಸೇರಿಸಿದನೆಂದರೆ, ಸಂಜೆ ಅದೇ ಸ್ಟೇಷನ್ನಿನಲ್ಲಿ ಇಳಿಯುವ ತನಕ ಆ ಕೆನ್ನೆ ನಿಂಬೆಹಣ್ಣಿನ ಗಾತ್ರಕ್ಕೆ ಉಬ್ಬಿಕೊಂಡು ಇರುತ್ತಿತ್ತು. ಉಂಡೆಯನ್ನು ಹಾಗೇ ಇಟ್ಟುಕೊಂಡು ಅವನು ಮಾತಾಡುತ್ತಿದ್ದ, ಬೈಯುತ್ತಿದ್ದ, ಶಿಳ್ಳೆ ಹಾಕುತ್ತಿದ್ದ. ಮಧ್ಯಾಹ್ನ ಎಡಗಡೆಗೆ ಒಂದಿಷ್ಟೂ ತೊಂದರೆ ಕೊಡದೆ ಬಲಗಡೆಯಿಂದ ಮುದ್ದೆ ಇಳಿಸುತ್ತಿದ್ದ. ಹುಟ್ಟುವಾಗಲೇ ಆ ಉಬ್ಬು ಇತ್ತು, ಸೂಲಗಿತ್ತಿ ಹೆದರಿ ಓಡಿಹೋದಳು ಎಂದು ಹುಣಸಮಾರನಹಳ್ಳಿಯಿಂದ ಬರುತ್ತಿದ್ದ ಕೆಲಸಗಾರರು ಆಣೆ ಮಾಡಿ ಹೇಳುತ್ತಿದ್ದರು. ಗೇಟಿನಲ್ಲಿ ಎಲ್ಲರ ಜೇಬು ತಡಕುತ್ತಿದ್ದ ವಾಚ್‌ಮನ್, ಚಿಕ್ಕಮಾರಯ್ಯನ ಸರದಿ ಬಂದಾಗ ಆ ಕೆನ್ನೆಯನ್ನೇ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಒಂದೊಂದೇ ಭಾಗವಾಗಿ ಇಡೀ ಸ್ಟೌ ಅದರೊಳಗೆ ಕೂತು ಹೊರಗೆ ಹೋಗಿದೆ ಎಂಬುದು ಅವನ ಗುಮಾನಿ.

ಸ್ಟೌ ಹೋಗಿರಲಿಲ್ಲ. ಆದರೆ ಆ ಕೆನ್ನೆಯ ಹೆಸರಿನಲ್ಲಿ ಇನ್ನೊಂದು ಸಾಮಾನು ಹೊರಗೆ ಹೋಯಿತು. ಅದರಿಂದ ಅಕ್ಕ ತಮ್ಮ ಇಬ್ಬರೂ ಇದ್ದ ಒಂದು ಮನೆಯಲ್ಲಿ ಎರಡು ಜೀವ ಹೋಗುವುದರಲ್ಲಿತ್ತು.

ಚಿಕ್ಕಮಾರಯ್ಯನ ಕೆಲಸ ಟ್ಯಾಂಕಿ ಪರೀಕ್ಷೆ. ಸ್ಟೌವಿನ ಹಿತ್ತಾಳೆ ಟ್ಯಾಂಕಿಗೆ ಪಂಪು ಹೊಡೆದು ಗಾಳಿ ತುಂಬುವುದು, ಅದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸುವುದು, ಗುಳ್ಳೆ ಬಂತೋ ಎಂದು ನೋಡುವುದು. ಗುಳ್ಳೆ ಬಂದರೆ ಟ್ಯಾಂಕಿ ಮತ್ತೆ ಬೆಸುಗೆಯವನ ಹತ್ತಿರಕ್ಕೆ. ಬಾರದಿದ್ದರೆ ಪಾಸು. ಈ ಕೆಲಸವನ್ನು ಅವನು ಎಷ್ಟು ಕಾಲದಿಂದ ಮಾಡುತ್ತಿದ್ದನೆಂದರೆ, ಹಬ್ಬಕ್ಕೆ ಹೊಸ ಮಡಕೆ ತಂದರೂ ಬಾವಿಯ ಹತ್ತಿರ ಮುಳುಗಿಸಿ ಗುಳ್ಳೆ ನೋಡದೆ ಮನೆಯೊಳಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಐವತ್ತೊಂಬತ್ತನೆಯ ಇಸವಿಯ ಸುಮಾರಿಗೆ ಕಾರ್ಮಿಕರ ವಿಮೆ ನಮ್ಮ ಕಾರ್ಖಾನೆಗೂ ಬಂತು. ರೈಲ್ವೆ ಗೇಟಿನ ಆಚೆಗೆ ಒಂದು ಹೆಂಚಿನ ಮನೆಯಲ್ಲಿ ದವಾಖಾನೆ ತೆರೆದರು. ಡಾಕ್ಟರ್ ನರಸಿಂಹಯ್ಯನವರು ಎಳೆಯ ವಯಸ್ಸಿನವರು. ಅವರ ಬಳಿ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆಯುವ ಹೊಸ ಯಂತ್ರವಿತ್ತು, ಹೊಸ ಸೈಕಲ್ ಕೊಂಡವರ ಉತ್ಸಾಹವೂ ಇತ್ತು. ಕಾಲಿಗೆ ಮೊಳೆ ಚುಚ್ಚಿಸಿಕೊಂಡು ಹೋದವನ ತೋಳಿಗೂ ಪಟ್ಟಿ ಸುತ್ತುತ್ತಿದ್ದರು. ಚಿಕ್ಕಮಾರಯ್ಯ ಹೋದದ್ದೂ ಮೊಳೆಯ ದೆಸೆಯಿಂದಲೇ. ಡಾಕ್ಟರು ಪಟ್ಟಿ ಸುತ್ತಿದರು, ಗಾಳಿ ಹೊಡೆದರು, ಇನ್ನೊಂದು ಸಲ ಹೊಡೆದರು, ಮುಖ ಸಣ್ಣದು ಮಾಡಿದರು. ರಕ್ತದ ಒತ್ತಡ ತುಂಬ ಜಾಸ್ತಿ ಇದೆ ಎಂದರು. ತಲೆ ನೋಯುತ್ತದೆಯೇ, ತಿರುಗುತ್ತದೆಯೇ, ಕಿವಿಯಲ್ಲಿ ಗುಂಯ್ ಅನ್ನುತ್ತದೆಯೇ, ಮೂಗಿನಲ್ಲಿ ರಕ್ತ ಬಂದದ್ದುಂಟೇ ಎಂದು ಒಂದೊಂದಾಗಿ ಕೇಳಿದರು. ಒಂದೂ ಇಲ್ಲ ಎಂದ ಚಿಕ್ಕಮಾರಯ್ಯ.

"ಗುಳ್ಳೆ ಎಲ್ಲಿ ಬರ್ತಾ ಐತೆ ಸ್ವಾಮಿ?" ಎಂದು ಆಮೇಲೆ ಅವನೇ ಕೇಳಿದನಂತೆ.

ಡಾಕ್ಟರಿಗೆ ನಗು ಬಂತು. ಗುಳ್ಳೆ ಬರುವ ತನಕ ಕಾಯಬಾರದಪ್ಪ, ಅದಕ್ಕೇ ಮಾತ್ರೆ ಎಂದರು. ಸರ್ಪಗಂಧಿ ಬೇರಿನಿಂದ ತೆಗೆದ ಸಣ್ಣ ಬಿಳಿ ಮಾತ್ರೆ, ಬೆಳಗ್ಗೆ ಒಂದು ಸಂಜೆ ಒಂದು, ನಿಲ್ಲಿಸಬಾರದು. ಅಂಗಡಿಯಲ್ಲಿ ಕೊಂಡು ನುಂಗುವುದಾದರೆ ಸಂಬಳವೂ ಜೊತೆಗೇ ಒಳಗಿಳಿಯುವಂಥ ಮಾತ್ರೆ ಅದು, ವಿಮೆಯಲ್ಲಿ ಪುಕ್ಕಟೆ. ಕಾಂಪೌಂಡರ್ ಖಾದರ್ ಬಾಷಾ ಸಾಹೇಬರು ಕಾಗದದ ಪೊಟ್ಟಣ ಕಟ್ಟಿಕೊಟ್ಟರು. ಚಿಕ್ಕಮಾರಯ್ಯ ಪೊಟ್ಟಣ ಹಿಡಿದು ರೈಲು ಹತ್ತಿದ. ಯಲಹಂಕ ಮುಟ್ಟುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ತನ್ನಲ್ಲಿ ಗುಳ್ಳೆ ಇಲ್ಲ. ಅಂದರೆ ತಾನು ಪಾಸು. ಡಾಕ್ಟರು ಕೇಳಿದ ಗುಳ್ಳೆಗಳೆಲ್ಲ, ತಲೆನೋವು, ತಲೆಸುತ್ತು, ಮೂಗಿನ ರಕ್ತ, ಒಂದೂ ಬಿಡದಂತೆ ಬರುತ್ತಿದ್ದದ್ದು ಅವನ ಅಕ್ಕನಿಗೆ.

ಅಕ್ಕ ಮುನಿಗಂಗಮ್ಮ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೇ ಬಂದು, ಕೋಗಿಲಿನ ತೋಟಗಳ ಸೊಪ್ಪು ತಂದು ಯಲಹಂಕ ಸ್ಟೇಷನ್ ರಸ್ತೆಯಲ್ಲಿ ಮಾರುತ್ತಿದ್ದಳು. ತಮ್ಮನ ಕೆನ್ನೆ ಯಶವಂತಪುರವನ್ನು ಆಳಿದರೆ ಅಕ್ಕನ ಗಂಟಲು ಯಲಹಂಕವನ್ನು ಆಳುತ್ತಿತ್ತು. "ದಂಟೂ... ಕೀರೇ..." ಎಂದು ಅವಳು ಕೂಗಿದರೆ ಹೊರಡಲಿದ್ದ ರೈಲಿನ ಗಾರ್ಡು ತನಗೇ ಹೇಳಿದಳೇನೋ ಎಂದು ಬಾವುಟ ಇಳಿಸುತ್ತಿದ್ದ. ಚೌಕಾಸಿ ಮಾಡಲು ಬಂದ ಗಂಡಸರು ಕಟ್ಟು ಸೊಪ್ಪಿನ ಜೊತೆ ತಮ್ಮ ವಂಶದ ಇತಿಹಾಸವನ್ನೂ ಕೇಳಿಸಿಕೊಂಡು ಹೋಗುತ್ತಿದ್ದರು. ಅಂಥವಳು ಆ ಬೇಸಿಗೆಯಲ್ಲಿ ತಲೆಗೆ ಬಟ್ಟೆ ಬಿಗಿದು ಕೂರುವಂತಾಗಿದ್ದಳು. ಒಂದೆರಡು ಸಲ ಸೊಪ್ಪಿನ ಮೇಲೆ ಮೂಗಿನ ರಕ್ತ ತೊಟ್ಟಿಕ್ಕಿತ್ತು.

ಅಕ್ಕನಿಗೂ ವಿಮೆಯಲ್ಲಿ ಔಷಧ ಸಿಗುತ್ತದೆಯೇ ಎಂದು ಚಿಕ್ಕಮಾರಯ್ಯ ಮೇಸ್ತ್ರಿ ಪಿಳ್ಳಪ್ಪನನ್ನು ವಿಚಾರಿಸಿದ್ದ. ಪಿಳ್ಳಪ್ಪ ಕಾರ್ಖಾನೆಯ ನಡೆದಾಡುವ ಕಾನೂನು. ಹೆಂಡತಿಗುಂಟು, ಮಕ್ಕಳಿಗುಂಟು, ಅಕ್ಕ ಎಂಬ ಪದಾರ್ಥ ವಿಮೆಯವರ ಕಣ್ಣಿಗೆ ಕಾಣುವುದಿಲ್ಲ ಎಂದ. ಚಿಕ್ಕಮಾರಯ್ಯನ ಹೆಂಡತಿ ಸೊಣ್ಣಮ್ಮ ಕಲ್ಲುಕಂಬದಂಥ ಹೆಂಗಸು. ಅವಳು ಸೀನಿದ್ದನ್ನು ಕೇಳಿದವರಿರಲಿಲ್ಲ. ವಿಮೆ ಅವಳಿಗಾಗಿ ಬಾಗಿಲು ತೆರೆದು ಕಾಯುತ್ತಿತ್ತು. ಪಿಳ್ಳಪ್ಪ ಸ್ವಲ್ಪ ಯೋಚಿಸಿ, ದನಿ ತಗ್ಗಿಸಿ, ಒಂದು ಉಪಾಯ ಹೇಳಿದ.

"ಸೊಣ್ಣಮ್ಮ ಅಂತ ಹೇಳಿ ನಿಮ್ಮಕ್ಕನ್ನೇ ಕರ್ಕೊಂಡೋಗೋ. ಡಾಕ್ಟ್ರಿಗೇನು ಗೊತ್ತಾಗ್ತದೆ?"

"ಅಕ್ಕಯ್ಯನ್ನ ಎಂಡ್ತಿ ಅಂತ ಏಳ್ಲಾ?" ಎಂದ ಚಿಕ್ಕಮಾರಯ್ಯ. ಆ ವಾರವೆಲ್ಲ ಪಿಳ್ಳಪ್ಪನ ಜೊತೆ ಮಾತು ಬಿಟ್ಟ. ಟ್ಯಾಂಕಿ ಫೇಲಾದರೆ ಸನ್ನೆ ಮಾಡಿ ತೋರಿಸುತ್ತಿದ್ದ.

ಹೀಗೆ ಧರ್ಮಮಾರ್ಗಗಳೆಲ್ಲ ಮುಚ್ಚಿದ ಮೇಲೆ ಅವನು ತನ್ನ ಪೊಟ್ಟಣವನ್ನೇ ಅಕ್ಕನ ಕೈಗೆ ಕೊಟ್ಟ. ಕಾರ್ಖಾನೆಯಲ್ಲಿ ಅಕ್ಕತಂಗಿಯರಿಗೂ ಕೊಡುತ್ತಾರೆ ಎಂದು ಒಂದು ಸುಳ್ಳನ್ನೂ ಸೇರಿಸಿದ. ಪವಾಡವೇ ಆಯಿತು. ಕೆಲವು ವಾರಗಳಲ್ಲಿ ಅಕ್ಕನ ತಲೆನೋವು ಹೋಯಿತು, ಮೂಗಿನ ರಕ್ತ ನಿಂತಿತು, ಯಲಹಂಕದ ಗಂಡಸರು ಮತ್ತೆ ತಂತಮ್ಮ ವಂಶದ ಇತಿಹಾಸ ಕೇಳತೊಡಗಿದರು. ಗುಳ್ಳೆ ನಿಂತಿತು, ಟ್ಯಾಂಕಿ ಪಾಸು ಎಂದು ಚಿಕ್ಕಮಾರಯ್ಯ ರೈಲಿನಲ್ಲಿ ಒಬ್ಬನೇ ನಗುತ್ತಿದ್ದ. ಕಥೆ ಅಲ್ಲಿಗೇ ನಿಂತಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು.

ಆದರೆ ಡಾಕ್ಟರಿಗೆ ಯಂತ್ರವಿತ್ತಲ್ಲ. ತಿಂಗಳಿಗೊಮ್ಮೆ ಚಿಕ್ಕಮಾರಯ್ಯನ ತೋಳಿಗೆ ಪಟ್ಟಿ ಸುತ್ತಿದಾಗಲೆಲ್ಲ ಪಾದರಸ ಮೇಲಕ್ಕೆ ಏರಿ ಅಲ್ಲೇ ಕೂತಿರುತ್ತಿತ್ತು. ಮಾತ್ರೆ ಸಾಲದು ಎಂದುಕೊಂಡು ಡಾಕ್ಟರು ಹೆಚ್ಚು ಮಾಡಿದರು. ಚಿಕ್ಕಮಾರಯ್ಯ ಹೆಚ್ಚಿನದನ್ನೂ ಅಕ್ಕನಿಗೇ ಒಪ್ಪಿಸಿದ. ಪಾದರಸ ಇಳಿಯಲಿಲ್ಲ. ಡಾಕ್ಟರು ಇನ್ನಷ್ಟು ಹೆಚ್ಚು ಮಾಡಿದರು. ಅಳೆಯುವುದು ತಮ್ಮನ ತೋಳು, ನುಂಗುವುದು ಅಕ್ಕನ ಬಾಯಿ. ವೈದ್ಯಶಾಸ್ತ್ರ ಹುಟ್ಟಿದಂದಿನಿಂದ ಇಂಥ ಜೋಡಿ ರೋಗಿ ಯಾರ ಕೈಗೂ ಸಿಕ್ಕಿರಲಿಕ್ಕಿಲ್ಲ.

ಕೊನೆಗೆ ಡಾಕ್ಟರಿಗೆ ಒಂದು ಅನುಮಾನ ಬಂತು. ಇವನು ಮಾತ್ರೆ ನುಂಗುತ್ತಾನೋ ಇಲ್ಲವೋ? ಇನ್ನು ಮೇಲೆ ಬೆಳಗಿನ ಮಾತ್ರೆಗಳನ್ನು ಕೆಲಸಕ್ಕೆ ಹೋಗುವ ಮೊದಲು ದವಾಖಾನೆಯ ಕಿಟಕಿಯ ಮುಂದೆಯೇ ನುಂಗಬೇಕು, ಖಾದರ್ ಬಾಷಾ ಕಣ್ಣಾರೆ ನೋಡಬೇಕು ಎಂದು ಅಪ್ಪಣೆಯಾಯಿತು. ಖಾದರ್ ಬಾಷಾ ಹೆಬ್ಬಾಳದಿಂದ ಸೈಕಲ್ಲಿನಲ್ಲಿ ಬರುತ್ತಿದ್ದವರು, ಕಟ್ಟುನಿಟ್ಟಿನ ಮನುಷ್ಯ. ಕಷಾಯದ ಬಾಟಲಿಗಳನ್ನೂ ಡ್ರಿಲ್ಲಿನ ಹುಡುಗರಂತೆ ಸಾಲಾಗಿ ನಿಲ್ಲಿಸುತ್ತಿದ್ದರು. ದಿನಾ ಬೆಳಗ್ಗೆ ಸೈರನ್ನಿಗೆ ಮುಂಚೆ ಅಲ್ಲೊಂದು ಪೂಜೆ ನಡೆಯತೊಡಗಿತು. ಖಾದರ್ ಬಾಷಾ ಕಿಟಕಿಯಿಂದ ಮಾತ್ರೆ ಕೊಡುವರು. ಚಿಕ್ಕಮಾರಯ್ಯ ಪೂರ್ವಕ್ಕೆ ತಿರುಗುವನು. ಬಲಗೈ ಬಾಯಿಗೆ ಹೋಗುವುದು, ತಲೆ ಹಿಂದಕ್ಕೆ ಬೀಳುವುದು, ಎಡಗೈಯ ಚೊಂಬಿನಿಂದ ನೀರು ಧಾರೆಯಾಗಿ ಇಳಿಯುವುದು, ಗಂಟಲ ಮಣಿ ಮೇಲೆ ಕೆಳಗೆ ಕುಣಿಯುವುದು. ಆಮೇಲೆ ಚೊಂಬನ್ನು ಕಿಟಕಿಯಲ್ಲಿಟ್ಟು, ಎರಡೂ ಕೈ ಜೋಡಿಸಿ ಖಾದರ್ ಬಾಷಾಗೆ ದೊಡ್ಡ ನಮಸ್ಕಾರ. ನೋಡುವುದಕ್ಕೆ ನಾವೂ ನಿಲ್ಲುತ್ತಿದ್ದೆವು.

"ಬಾಯಿ ಆ ಮಾಡೋ ಮಾರಯ್ಯ," ಎನ್ನುವರು ಖಾದರ್ ಬಾಷಾ.

ಚಿಕ್ಕಮಾರಯ್ಯ ಆ ಮಾಡುವನು. ಖಾದರ್ ಬಾಷಾ ಬಗ್ಗಿ ಆ ಗುಹೆಯೊಳಕ್ಕೆ ಇಣುಕುವರು. ಬಲಗಡೆ ಖಾಲಿ. ನಾಲಗೆಯ ಕೆಳಗೆ ಖಾಲಿ. ಎಡಗಡೆ ಮಾತ್ರ ಕೆಂಪು ಕಾಡು. ಅದರೊಳಗೆ ಮಾತ್ರೆಯೇನು, ಒಂದು ಎಮ್ಮೆ ಅಡಗಿದ್ದರೂ ಗೊತ್ತಾಗುತ್ತಿರಲಿಲ್ಲ. ಅವರು ಉಸಿರು ಹಿಡಿದು ಹಿಂದಕ್ಕೆ ಸರಿದು, "ಹೋಗಪ್ಪ," ಎನ್ನುವರು.

ಇತ್ತ ಯಲಹಂಕದಲ್ಲಿ ಮುನಿಗಂಗಮ್ಮ ಸದ್ದಿಲ್ಲದೆ ಕೂರತೊಡಗಿದಳು. ಮೊದಲು ಮೂಗು ಕಟ್ಟಿಕೊಂಡಿತು, ಶೀತ ಎಂದರು. ಆಮೇಲೆ ಕೂಗು ನಿಂತಿತು. ಸೊಪ್ಪಿನ ಮುಂದೆ ಕೂತು ತೂಕಡಿಸುವಳು, ಕೇಳಿದಷ್ಟಕ್ಕೆ ಕೊಟ್ಟುಬಿಡುವಳು. ಚೌಕಾಸಿಗೆ ಮೈ ಕೊಡವಿಕೊಂಡು ಬಂದವರು ಅವಳು ಎದುರಾಡದ್ದನ್ನು ಕಂಡು ಪೆಚ್ಚಾಗಿ, ತಾವೇ ಹೆಚ್ಚು ಕೊಟ್ಟು ಹೋಗುತ್ತಿದ್ದರು. ಒಂದು ದಿನ ಕೊತ್ತಂಬರಿ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಅಳುತ್ತಿದ್ದಳು. ಯಾಕಮ್ಮ ಎಂದು ಕೇಳಿದರೆ, ಗೊತ್ತಿಲ್ಲ ಎಂದಳು. ಬೆಳಗ್ಗೆ ಏಳುವುದಕ್ಕೆ ಸೊಣ್ಣಮ್ಮ ಕೈಹಿಡಿದು ಎಬ್ಬಿಸಬೇಕು. ಎದ್ದರೆ ಕಣ್ಣುಕತ್ತಲೆ ಬಂದು ಗೋಡೆ ಹಿಡಿಯುವಳು. ಗಾಳಿ ಸೋಕಿದೆ ಎಂದು ಊರಿನವರು ತಾಯತ ಕಟ್ಟಿಸಿದರು. ಚಿಕ್ಕಮಾರಯ್ಯನಿಗೆ ಮಾತ್ರ ಗಾಳಿಯಲ್ಲ ಎಂದು ಖಾತ್ರಿ. ಕಾಯಿಲೆ ಒಳಗೊಳಗೇ ಬೆಳೆಯುತ್ತಿದೆ, ಗುಳ್ಳೆ ಇನ್ನೊಂದು ಕಡೆ ಹೊರಟಿದೆ. ಡಾಕ್ಟರು ಮಾತ್ರೆ ಜಾಸ್ತಿ ಮಾಡುತ್ತಿರುವುದೂ ಒಳ್ಳೆಯದೇ ಆಯಿತು. ಒಂದನ್ನೂ ಬಿಡದೆ ಕೊಟ್ಟು ಅಕ್ಕನ ಎದುರಿಗೆ ಕೂತರೆ, ಅವಳು ನುಂಗುವ ತನಕ ಏಳುತ್ತಿರಲಿಲ್ಲ. ಖಾದರ್ ಬಾಷಾ ತನ್ನನ್ನು ಕಾದಂತೆ ಅವನು ಅಕ್ಕನನ್ನು ಕಾಯುತ್ತಿದ್ದ.

ಕಾರ್ಖಾನೆಯಲ್ಲಿ ಅವನ ತಮಾಷೆ ಕಡಿಮೆಯಾಯಿತು. ರೈಲಿನಲ್ಲಿ ಪಿಳ್ಳಪ್ಪನ ಹತ್ತಿರ ಒಂದೇ ಮಾತು: ಅಕ್ಕಯ್ಯ ಬೈಯೋದು ಬಿಟ್ಟವ್ಳೆ.

ಅರವತ್ತೊಂದರ ಶ್ರಾವಣದಲ್ಲಿ ಗುಳ್ಳೆ ಬಂತು. ಚಿಕ್ಕಮಾರಯ್ಯ ತೊಟ್ಟಿಯ ಮೇಲೆ ಬಗ್ಗಿ ಟ್ಯಾಂಕಿ ಮುಳುಗಿಸಿದ್ದ. ತೊಟ್ಟಿಯ ನೀರು ಕೆಂಪಗಾಯಿತು. ಅದನ್ನು ಮೊದಲು ಕಂಡವನು ಪಿಳ್ಳಪ್ಪ. ಲೋಕಪ್ರಸಿದ್ಧ ಕೆನ್ನೆ ಎದುರಿಗೇ ಇರುವಾಗ ಅವನು ಬೇರೆ ಏನನ್ನು ಯೋಚಿಸಿಯಾನು?

"ತೊಟ್ಟಿಗೇ ಉಗೀತೀಯೇನೋ, ಮನೆಹಾಳ," ಎಂದು ಬೈದ. ನಾವೆಲ್ಲ ನಕ್ಕೆವು. ಚಿಕ್ಕಮಾರಯ್ಯ ತಲೆ ಎತ್ತಲಿಲ್ಲ. ಪಿಳ್ಳಪ್ಪ ಇನ್ನೊಂದು ಸುತ್ತು ಬೈದ. ನಾವು ಇನ್ನೊಂದು ಸುತ್ತು ನಕ್ಕೆವು. ಆಮೇಲೆ ಟ್ಯಾಂಕಿ ಅವನ ಕೈ ಬಿಟ್ಟು ತಳಕ್ಕೆ ಹೋಯಿತು, ಅದರ ಹಿಂದೆಯೇ ಅವನ ಮುಖವೂ ನೀರಿಗೆ ಹೋಯಿತು. ಎತ್ತಿದಾಗ ಮೂಗಿನ ಎರಡೂ ಹೊಳ್ಳೆಯಿಂದ ರಕ್ತ ಸುರಿಯುತ್ತಿತ್ತು. ಎಲೆಯಡಿಕೆ ಇನ್ನೂ ಕೆನ್ನೆಯಲ್ಲೇ ಇತ್ತು.

ಸಾಮಾನು ತಳ್ಳುವ ಗಾಡಿಯಲ್ಲಿ ಹಾಕಿಕೊಂಡು ರೈಲ್ವೆ ಗೇಟು ದಾಟಿಸಿದೆವು. ಡಾಕ್ಟರು ಮೂಗಿಗೆ ಬಟ್ಟೆ ತುರುಕಿ ರಕ್ತ ನಿಲ್ಲಿಸಿದರು, ಪಟ್ಟಿ ಸುತ್ತಿದರು, ಪಾದರಸ ನೋಡಿ ಕುರ್ಚಿಯಲ್ಲಿ ಕೂತುಬಿಟ್ಟರು. ಇಷ್ಟು ಮಾತ್ರೆ ನುಂಗಿದ ಮನುಷ್ಯ ಮಲಗಿದಲ್ಲಿಂದ ಏಳುವುದಕ್ಕೇ ಆಗಬಾರದು, ಇವನಿಗೆ ಒತ್ತಡ ಹೇಗೆ ಇಷ್ಟಿದೆ ಎಂದು ಖಾದರ್ ಬಾಷಾರನ್ನು ಕೇಳಿದರು. ಕಣ್ಣಾರೆ ನೋಡಿದ್ದೀನಿ ಸಾರ್ ಎಂದು ಖಾದರ್ ಬಾಷಾ ಅಲ್ಲಾನ ಮೇಲೆ ಆಣೆ ಇಟ್ಟರು.

ಸುದ್ದಿ ಕೋಗಿಲಿಗೆ ಮುಟ್ಟಿ, ಮಧ್ಯಾಹ್ನದ ರೈಲಿನಲ್ಲಿ ಸೊಣ್ಣಮ್ಮ ಬಂದಳು. ಅವಳ ಭುಜ ಹಿಡಿದುಕೊಂಡು ಮುನಿಗಂಗಮ್ಮನೂ ಬಂದಳು. ತಮ್ಮನ ಮೂಗಿನ ಬಟ್ಟೆ ನೋಡಿ ಅವಳು ಅಳಲಿಲ್ಲ, ಕೂಗಲಿಲ್ಲ. ನಿಧಾನವಾಗಿ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ಒಂದು ಪೊಟ್ಟಣ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟಳು.

"ಇವನ್ಗೆ ಇದ್ನ ಕೊಡಿ ಸ್ವಾಮಿ. ಬಾಳ ಒಳ್ಳೇ ಮಾತ್ರೆ. ನಂಗೂ ಇಂಗೇ ಮೂಗ್ನಾಗೆ ರಕ್ತ ಬರ್ತಿತ್ತು, ಇದ್ರಲ್ಲೇ ನಿಂತೋಯ್ತು."

ಡಾಕ್ಟರು ಪೊಟ್ಟಣ ಬಿಚ್ಚಿದರು. ಖಾದರ್ ಬಾಷಾ ಬಗ್ಗಿ ನೋಡಿ ತಾವೇ ಮಡಿಸಿದ ಕಾಗದವನ್ನು ಗುರುತು ಹಿಡಿದರು. ಎಲ್ಲಿಯದಮ್ಮ ಇದು ಎಂದು ಡಾಕ್ಟರು ಕೇಳಿದರು.

"ಇವನೇ ತಂದ್ಕೊಡ್ತಾನೆ. ಕಾರ್ಖಾನೇಲಿ ಅಕ್ಕತಂಗೇರ್ಗೆಲ್ಲ ಕೊಡ್ತಾರಂತಲ್ಲ."

ಡಾಕ್ಟರು ಎದ್ದು ಅವಳ ತೋಳಿಗೆ ಪಟ್ಟಿ ಸುತ್ತಿದರು. ಪಾದರಸ ಏರಲೇ ಇಲ್ಲ ಎನ್ನಬಹುದು. ನಾಡಿ ಹಿಡಿದು ಬಹಳ ಹೊತ್ತು ಕಾದರು. ಆಮೇಲೆ ಹೇಳಿದ್ದನ್ನು ನಾವು ಬಾಗಿಲ ಹೊರಗಿನಿಂದ ಕೇಳಿಸಿಕೊಂಡೆವು. ನೀನು ನುಂಗುತ್ತಿರುವುದು ಇವನ ತೋಳು ನೋಡಿ ಬರೆದ ಔಷಧ ತಾಯಿ. ಇನ್ನು ಸ್ವಲ್ಪ ದಿನ ಹೀಗೇ ನಡೆದಿದ್ದರೆ ಮಾತ್ರೆ ಹೆಚ್ಚಾಗಿ ನೀನು ಸಾಯುತ್ತಿದ್ದೆ, ಮಾತ್ರೆ ಇಲ್ಲದೆ ಇವನು ಸಾಯುತ್ತಿದ್ದ.

ಮುನಿಗಂಗಮ್ಮನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಗಂಟಲು ಬಹುಕಾಲದ ನಂತರ ತೆರೆಯಿತು.

"ಲೇ ಚಿಕ್ಕಾ, ನಿನ್ನ ಆಯಸ್ಸು ತಂದು ನನ್ ಬಾಯಿಗಾಕ್ತಿದ್ದಾ? ಇದಕ್ಕೇನೋ ನಿನ್ನ ಒತ್ತು ಸಾಕಿದ್ದು?" ಎಂದು ಮಲಗಿದ್ದವನ ಕೆನ್ನೆಗೇ ಒಂದು ಬಾರಿಸಿದಳು. ಎಡಗೆನ್ನೆಗೆ. ಉಂಡೆ ಹೊರಗೆ ಬಂತು.

ಆ ದಿನವೇ ಕಾರ್ಖಾನೆ ಒಂದು ತೀರ್ಪು ಕೊಟ್ಟಿತು. ಖಾದರ್ ಬಾಷಾರಂಥವರ ಕಣ್ಣೆದುರಿನಲ್ಲಿ ಮಾತ್ರೆಯನ್ನು ಸಾಗಿಸಿದ್ದು ಆ ಎಡಗೆನ್ನೆಯೇ. ಹನುಮಂತ ಸಂಜೀವಿನಿ ತರಲು ಗುಡ್ಡ ಎತ್ತಬೇಕಾಯಿತು. ನಮ್ಮವನಿಗೆ ಒಂದು ಕೆನ್ನೆ ಸಾಕಾಯಿತು ಎಂದು ಚಹಾದ ಹೊತ್ತಿನಲ್ಲಿ ಹರಿಕಥೆ ಮಾಡುತ್ತಿದ್ದೆವು. ಎಲೆಯಡಿಕೆಯ ನಡುವೆ ಮಾತ್ರೆ ಯಾವ ಮಡಿಕೆಯಲ್ಲಿ ಕೂರುತ್ತಿತ್ತು ಎಂಬ ಬಗ್ಗೆ ಎರಡು ಪಂಗಡಗಳಾದವು. ಖಾದರ್ ಬಾಷಾ ಇನ್ನು ಮೇಲೆ ಉಗಿದು, ಬಾಯಿ ಮುಕ್ಕಳಿಸಿ, ಆಮೇಲೆ ಆ ಮಾಡಬೇಕು ಎಂದು ಹೊಸ ಕಾನೂನು ತಂದರು. ಅದರ ಅಗತ್ಯವಿರಲಿಲ್ಲ. ಚಿಕ್ಕಮಾರಯ್ಯ ನುಂಗಲೇಬೇಕಾಯಿತು, ಏಕೆಂದರೆ ಅಕ್ಕ ಇನ್ನು ಅವನ ಮಾತ್ರೆ ಮುಟ್ಟುತ್ತಿರಲಿಲ್ಲ. ಪಾದರಸ ಇಳಿಯಿತು.

ಮುನಿಗಂಗಮ್ಮನ ಮಾತೇ ಬೇರೆ. ಅವಳಿಗೂ ಮಾತ್ರೆ ಬೇಕು, ಆದರೆ ಕಡಿಮೆ, ಮತ್ತು ಒಂದು ದಿನವೂ ತಪ್ಪದೆ ಎಂದಿದ್ದರು ಡಾಕ್ಟರು. ವಿಮೆಯಲ್ಲಿ ಬರೆದುಕೊಡಲು ಅವರಿಗೆ ಅಧಿಕಾರವಿರಲಿಲ್ಲ. ನನ್ನದರಲ್ಲಿ ಅರ್ಧ ಕತ್ತರಿಸಿ ಕೊಡಿ ಎಂದು ಚಿಕ್ಕಮಾರಯ್ಯ ಬೇಡಿದ. ಡಾಕ್ಟರು ಒಪ್ಪಲಿಲ್ಲ; ಒಪ್ಪಿದ್ದರೂ ಅಕ್ಕ ಒಪ್ಪುತ್ತಿರಲಿಲ್ಲ. ಪೇಟೆಯ ದೊಡ್ಡಾಸ್ಪತ್ರೆಗೆ ಚೀಟಿ ಕೊಟ್ಟರು. ಅಲ್ಲಿ ಧರ್ಮಕ್ಕೆ ಸಿಗುತ್ತಿತ್ತು, ಆದರೆ ಬೆಳಗಾಗುವ ಮುಂಚೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಅವಳು ಸಾಲಿನಲ್ಲಿ ನಿಂತ ದಿನ ಯಲಹಂಕದಲ್ಲಿ ಸೊಪ್ಪು ಬಾಡುತ್ತಿತ್ತು, ಅವಳ ಜಾಗದಲ್ಲಿ ಬೇರೆಯವರು ಬುಟ್ಟಿ ಇಡುತ್ತಿದ್ದರು. ಮೊದಮೊದಲು ಹೋದಳು. ಆಮೇಲೆ ತಲೆ ನೋಯುವಾಗ ಹೋದಳು. ಆಮೇಲೆ ತಲೆ ನೋಯುವುದು ನಿಂತಿದೆಯಲ್ಲ ಎಂದಳು. ಚಿಕ್ಕಮಾರಯ್ಯ ಕಾಲಿಗೆ ಬಿದ್ದು ಕೇಳಿಕೊಂಡ. ಗುಳ್ಳೆ ಬರುವ ತನಕ ಕಾಯಬಾರದಂತೆ ಅಕ್ಕಯ್ಯ ಎಂದು, ಡಾಕ್ಟರು ತನಗೆ ಹೇಳಿದ್ದನ್ನೇ ಅಕ್ಕನಿಗೆ ಹೇಳಿದ. ಹಳೆಯ ಗಂಟಲು ಮರಳಿ ಬಂದಿತ್ತು. ಅವನ ವಂಶದ ಇತಿಹಾಸವನ್ನೇ ಅವನಿಗೆ ಒಪ್ಪಿಸಿ, ತಾನೂ ಅದೇ ವಂಶ ಎಂಬುದನ್ನು ಮರೆತು, ಬುಟ್ಟಿ ಹೊತ್ತು ಹೊರಟಳು.

ಅರವತ್ತಮೂರರ ಸಂಕ್ರಾಂತಿಯ ಹಿಂದಿನ ದಿನ, ಅವರೆಕಾಯಿಯ ಭರಾಟೆಯಲ್ಲಿ, ಸ್ಟೇಷನ್ ರಸ್ತೆಯಲ್ಲಿ ಕೂಗುತ್ತಿದ್ದವಳ ಕೂಗು ಅರ್ಧಕ್ಕೆ ನಿಂತಿತು. ಜನ ತಿರುಗಿ ನೋಡುವಷ್ಟರಲ್ಲಿ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಬಲಗೈ ಬುಟ್ಟಿಯೊಳಗೆ ಬಿದ್ದಿತ್ತು. ಬದುಕಿಕೊಂಡಳು. ಮಾತು ಮಾತ್ರ ಬರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಪಿಳ್ಳಪ್ಪನೂ ನಾನೂ ಕೋಗಿಲಿಗೆ ಹೋಗಿದ್ದೆವು. ಚಿಕ್ಕಮಾರಯ್ಯ ಜಗಲಿಯ ಮೇಲೆ ಅಕ್ಕನಿಗೆ ಗಂಜಿ ಕುಡಿಸುತ್ತಿದ್ದ. ಓರೆಯಾದ ತುಟಿಯಿಂದ ಇಳಿದದ್ದನ್ನು ತನ್ನ ಹೆಗಲ ಬಟ್ಟೆಯಿಂದ ಒರೆಸಿ, ಮತ್ತೆ ಒಂದು ಗುಟುಕು. ಅವನ ಎಡಗೆನ್ನೆ ಖಾಲಿಯಾಗಿತ್ತು. ಎಲೆಯಡಿಕೆ ಬಿಟ್ಟಿದ್ದನಂತೆ, ಅಕ್ಕ ಹಾಕಿಕೊಳ್ಳುವ ಹಾಗಿಲ್ಲ, ಅವಳ ಮುಂದೆ ಹೇಗೆ ಹಾಕಿಕೊಳ್ಳುವುದು ಎಂದ. ಬೆಳಗಿನ ಮಾತ್ರೆ ತಪ್ಪಿಸಿಲ್ಲವಷ್ಟೆ ಎಂದು ಪಿಳ್ಳಪ್ಪ ಕೇಳಿದ, ಇಲ್ಲ ಎಂದ. ಅಕ್ಕನ ಮಾತ್ರೆಯ ವಿಷಯವನ್ನು ಪಿಳ್ಳಪ್ಪ ಎತ್ತಲಿಲ್ಲ. ಅದರ ಬದಲು ಹಳೆಯ ಹರಿಕಥೆಗೆ ಇಳಿದ. ಹನುಮಂತನನ್ನು ಕರೆದ, ಗುಡ್ಡವನ್ನು ಎತ್ತಿಸಿದ, ಖಾದರ್ ಬಾಷಾರ ಕಣ್ಣುಗಳನ್ನು ವರ್ಣಿಸಿದ. ಮುನಿಗಂಗಮ್ಮನ ಕಣ್ಣು ಅವನ ಕಡೆ ತಿರುಗಿತು, ಬಾಯಿಯ ಒಂದು ಅಂಚು ನಕ್ಕಂತೆ ಕಂಡಿತು. ಅದರಿಂದ ಹುಮ್ಮಸ್ಸು ಬಂದು ಪಿಳ್ಳಪ್ಪ ಕೊನೆಯ ಪ್ರಶ್ನೆ ಹಾಕಿದ. ಎರಡು ಪಂಗಡದ ಜಗಳ ಇವತ್ತು ತೀರಲಿ ಕಣೋ, ಆ ಮಾತ್ರೆ ಕೆನ್ನೆಯಲ್ಲಿ ಯಾವ ಕಡೆ ಕೂರುತ್ತಿತ್ತು? ಎಲೆಯ ಒಳಗೋ, ಹಲ್ಲಿನ ಹಿಂದೋ?

ಚಿಕ್ಕಮಾರಯ್ಯ ಅಕ್ಕನ ತುಟಿ ಒರೆಸಿ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ.

"ಕೆನ್ನೇಲೆಲ್ಲಿ? ಕೈನಾಗೇ ಇತ್ತು. ಎಂಜಲು ಮಾಡಿದ್ನ ಅಕ್ಕಯ್ಯಂಗೆ ಕೊಡಕ್ಕಾಯ್ತದಾ?"